ಆಚಾರ್ರ ಮುಂದೆ ಕೂತು ಊದು

ಅಪ್ಪಾ, ನೀನು ಹೊಸ ನಾಗಸ್ವರ ಕೊಳ್ಳುತ್ತೀಯ ಅನ್ನೋ ಸುದ್ದಿ ಹಬ್ಬಿದ್ದೇ ತಡ, ನಮ್ಮ ಸೀಮೆಯ ವಾಲಗದವರೆಲ್ಲ ನಿನಗೆ ಬುದ್ಧಿ ಹೇಳೋಕೆ ನಿಂತಿದ್ದಾರೆ. ನರಸಿಂಗಪೇಟೆಯದ್ದು ಬಿಟ್ಟು ಬೇರೆ ಮುಟ್ಟಬೇಡ ಅಂತ ಕೋಲಾರದವರೊಬ್ಬರು. ಹೆಸರು ಕಟ್ಟಿಕೊಂಡು ಏನು ಮಾಡ್ತೀಯ, ಉಸಿರು ಹಿಡಿಯದ ವಾದ್ಯ ತಗೋ ಅಂತ ಮುಳಬಾಗಿಲಿನವರು. ಇನ್ನು ಮಾಲೂರಿನ ಹುಡುಗರು, ಈಗ ಮದುವೆ ಮನೆಯವರು ಕೇಳೋದೇ ಸ್ಯಾಕ್ಸೋಫೋನು, ನಾಗಸ್ವರಕ್ಕೆ ದುಡ್ಡು ಹಾಕೋದೇ ದಂಡ ಅಂತಾರೆ. ಎಲ್ಲರ ಮಾತನ್ನೂ ಕೇಳಿಸಿಕೋ. ಆದರೆ ಹೇಳೋರು ಎಲ್ಲಿ ಊದುತ್ತಾರೆ ಅನ್ನೋದನ್ನ ಮೊದಲು ವಿಚಾರಿಸು. ಆವಣಿ ಜಾತ್ರೆಯಲ್ಲಿ ತೇರಿನ ಮುಂದೆ ಬಿಸಿಲಲ್ಲಿ ನಡೆಯುತ್ತಾ ಊದುವವನಿಗೆ ಬೇಕಾದ ವಾದ್ಯ ಬೇರೆ, ಛತ್ರದ ಮಂಟಪದಲ್ಲಿ ಕೂತು ರಾಗ ಬೆಳೆಸುವವನಿಗೆ ಬೇಕಾದ್ದೇ ಬೇರೆ. ಗಿಡ್ಡ ನಾಗಸ್ವರ ತಿಮಿರಿಯ ದನಿ ಏರು, ಜನಜಂಗುಳಿ ಸೀಳಿಕೊಂಡು ಹೋಗುತ್ತೆ. ಉದ್ದನೆಯ ಬಾರಿಯದ್ದು ತಗ್ಗಿನ ಶ್ರುತಿ, ತುಂಬಿದ ನಾದ. ಒಬ್ಬ ಮೆಚ್ಚಿದ್ದನ್ನ ಇನ್ನೊಬ್ಬ ತೆಗಳಿದರೆ ಅದು ತಯಾರಿಸಿದವರ ತಪ್ಪು ಅಂದುಕೊಳ್ಳಬೇಡ.

ನರಸಿಂಗಪೇಟೆಗೆ ಆ ಹೆಸರು ಸುಮ್ಮನೆ ಬರಲಿಲ್ಲ. ಕುಂಭಕೋಣದಿಂದ ಮಯಿಲಾಡುತುರೈಗೆ ಹೋಗೋ ದಾರಿಯಲ್ಲಿರೋ ಸಣ್ಣ ಊರು ಅದು. ಹತ್ತಿರದಲ್ಲೇ ತಿರುವಾವಡುತುರೈ, ನಾಗಸ್ವರ ವಿದ್ವಾನ್ ಟಿ.ಎನ್. ರಾಜರತ್ನಂ ಪಿಳ್ಳೈ ಅವರ ಊರು. ಹಳೇ ನಾಗಸ್ವರದಲ್ಲಿ ಶುದ್ಧ ಮಧ್ಯಮ ತಾನಾಗಿ ಸರಿಯಾಗಿ ನಿಲ್ಲುತ್ತಿರಲಿಲ್ಲ, ತುಟಿ ಬಿಗಿದು ಉಸಿರು ಹಿಡಿದು ತರಬೇಕಿತ್ತು. ಪಿಳ್ಳೈ ಅವರಿಗೆ ತಗ್ಗಿನ ಶ್ರುತಿಯೂ ಬೇಕಿತ್ತು, ನಿಲ್ಲೋ ಮಧ್ಯಮವೂ ಬೇಕಿತ್ತು. ನರಸಿಂಗಪೇಟೆಯಲ್ಲಿ ವಾದ್ಯ ಮಾಡುತ್ತಿದ್ದ ರಂಗನಾಥನ್ ಆಚಾರಿ ಅಳತೆ ಬದಲಿಸಿ, ಕೊರೆದು, ಕೊಟ್ಟು, ಊದಿಸಿ ಕೇಳಿ ಅದನ್ನ ಸಾಧಿಸಿದರು. ಈಗ ಹೆಚ್ಚಿನವರು ಊದೋ ಬಾರಿ ನಾಗಸ್ವರದ ಹಿಂದೆ ಆ ಇಬ್ಬರೂ ಇದ್ದಾರೆ. ಪಿಳ್ಳೈ 1956ರಲ್ಲಿ ತೀರಿಕೊಂಡರು. 2022ರಲ್ಲಿ ನರಸಿಂಗಪೇಟೆ ನಾಗಸ್ವರಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಆದರೆ ಪಟ್ಟ ಸಿಕ್ಕಿದ್ದು ಊರಿನ ಕಸುಬಿಗೆ. ಅಲ್ಲಿ ಒಬ್ಬೊಬ್ಬ ಆಚಾರಿಯ ಕೈ ಒಂದೊಂದು ಥರ, ಒಬ್ಬರೇ ಮಾಡಿದ ಎರಡು ವಾದ್ಯಗಳೂ ಒಂದೇ ಥರ ನುಡಿಯೋದಿಲ್ಲ. ಹಾಗಾಗಿ ದುಡ್ಡು ಕಳಿಸಿ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬೇಡ. ನೀನೇ ಹೋಗು.

ಹೋದ ಮೇಲೆ ಮೊದಲು ಮರ ನೋಡು. ತಮಿಳಿನವರು ಆಚ್ಚಾ ಅನ್ನೋದು ನಮ್ಮ ಕಮರದ ಮರ. ಹಸಿ ಮರ ಆಗೋದಿಲ್ಲ. ಹಳೇ ಮನೆ ಬಿಚ್ಚಿದಾಗ ಸಿಗೋ ತೊಲೆ, ಕಂಬಗಳನ್ನ ಅವರು ಹುಡುಕಿ ತರುತ್ತಾರೆ. ಹತ್ತಾರು ವರ್ಷ ಒಣಗಿದ ಮರ ಮಾತ್ರ ಮುಂದೆ ಸೀಳೋದಿಲ್ಲ, ಸೊಟ್ಟಗಾಗೋದಿಲ್ಲ. ನಮ್ಮದು ಕಾವೇರಿ ಬಯಲಲ್ಲ, ಒಣ ಸೀಮೆ. ಅಲ್ಲಿ ತಡೆದ ಮರ ಶ್ರೀನಿವಾಸಪುರದ ಏಪ್ರಿಲ್ ಬಿಸಿಲಿಗೂ ತಡೆಯಬೇಕು. ಇದನ್ನ ಆಚಾರ್ರಿಗೆ ಬಾಯಿಬಿಟ್ಟು ಹೇಳು, ನಾವು ಯಾವ ಊರಲ್ಲಿ ಊದುತ್ತೀವಿ ಅಂತ ಅವರಿಗೂ ಗೊತ್ತಿರಬೇಕು.

ಆಮೇಲೆ ಕೊಳವೆಯನ್ನ ಬೆಳಕಿಗೆ ಹಿಡಿದು ಒಳಗೆ ನೋಡು. ಮೇಲಿನಿಂದ ಕೆಳಗೆ ಅಗಲವಾಗುತ್ತಾ ಹೋಗೋ ಹಾದಿ ನುಣುಪಾಗಿರಬೇಕು, ಎಲ್ಲೂ ಮೆಟ್ಟಿಲು ಕಾಣಬಾರದು. ಬೆರಳಿಗೆ ಏಳು ತೂತು, ಕೆಳಗೆ ಇನ್ನೂ ಐದು. ಆ ಐದನ್ನ ಮೇಣದಿಂದ ಮುಚ್ಚಿ ತೆಗೆದು ಸ್ವರ ಸರಿಮಾಡುತ್ತಾರೆ. ಅಂಗಡಿಯಲ್ಲಿ ಊದೋವಾಗ ಬಿರುಸಾದ ಕೀರ್ತನೆ ಊದಿ ಮೆರೆಯಬೇಡ, ವೇಗದಲ್ಲಿ ಎಲ್ಲ ದೋಷವೂ ಮುಚ್ಚಿಹೋಗುತ್ತೆ. ಶಂಕರಾಭರಣವನ್ನ ನಿಧಾನಕ್ಕೆ ಎತ್ತಿಕೋ, ಮಧ್ಯಮದ ಮೇಲೆ ನಿಲ್ಲು, ತುಟಿ ಸಡಿಲ ಬಿಡು. ಆಗಲೂ ಸ್ವರ ಜಾರದಿದ್ದರೆ ಅರ್ಧ ಗೆದ್ದ ಹಾಗೆ. ಹಾಗೇ ಕಲ್ಯಾಣಿಗೆ ಹೋಗಿ ಪ್ರತಿ ಮಧ್ಯಮ ನೋಡು. ತಾರ ಷಡ್ಜದಲ್ಲಿ ದನಿ ಕಿರುಚುತ್ತಾ ಅಂತ ಕೊನೆಗೆ ನೋಡು. ಡೋಲಿನವನನ್ನ ಜೊತೆಗೆ ಕರೆದುಕೊಂಡು ಹೋಗಿ ಹತ್ತು ಮಾರು ದೂರ ನಿಲ್ಲಿಸು, ಊದುವವನ ಕಿವಿಗೆ ಸಿಗದ್ದು ಅವನಿಗೆ ಸಿಗುತ್ತೆ.

ಬಾಯಿಗಿಟ್ಟು ಊದೋ ಪೀಪಿ, ಅಂದರೆ ಸೀವಾಳಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎಷ್ಟೋ ಜನ ವಾದ್ಯ ಕೆಟ್ಟದ್ದು ಅಂತ ಆಚಾರ್ರನ್ನ ಬಯ್ಯೋದು ಸೀವಾಳಿ ಸರಿಯಿಲ್ಲದೆ. ಬೇಸಿಗೆಯಲ್ಲಿ ಬಿರುಸಾಗಿ, ಮಳೆಗಾಲದಲ್ಲಿ ಮೆತ್ತಗಾಗಿ ಅದು ದಿನಕ್ಕೊಂದು ಬುದ್ಧಿ ತೋರಿಸುತ್ತೆ. ದಾರಕ್ಕೆ ನಾಲ್ಕೈದು ಕಟ್ಟಿಟ್ಟುಕೊಂಡೇ ಮನೆ ಬಿಡು.

ನಿನ್ನ ಓರಗೆಯವರು ಇಷ್ಟಪಡೋ ಸ್ಯಾಕ್ಸೋಫೋನನ್ನ ನಾನು ಹಗುರಾಗಿ ಕಾಣೋನಲ್ಲ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಲ್ಲೇ ಹುಟ್ಟಿದವರು, ಪರದೇಶದ ವಾದ್ಯವನ್ನ ಗಮಕಕ್ಕೆ ಒಗ್ಗಿಸೋಕೆ ವರ್ಷಗಟ್ಟಲೆ ದುಡಿದರು. ಇಂಥದ್ದೇ ಇನ್ನೊಂದು ಕತೆ ಕೇಳು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಅಂತ ಒಂದಿದೆ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ, ಕಾಲಿನಿಂದ ಪೆಡಲ್ ಒತ್ತಿ ಸ್ವರ ಬಾಗಿಸೋದು. ಅದನ್ನ ನುಡಿಸೋದರಲ್ಲಿ ದೊಡ್ಡ ಹೆಸರಾದ ಬಡಿ ಎಮನ್ಸ್, 1950ರ ದಶಕದಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಶೋ-ಬಡ್ ಅನ್ನೋ ಹೆಸರಲ್ಲಿ ತಾನೇ ಗಿಟಾರ್ ತಯಾರಿಕೆಗೆ ಇಳಿದ. ಬೇಕಾದ ಸ್ವರ ವಾದ್ಯದಲ್ಲಿ ಇಲ್ಲ ಅಂದಾಗ ಅವನು ಕೈ ಕಟ್ಟಿ ಕೂರಲಿಲ್ಲ. ಅಲ್ಲಿಯೂ ಇಲ್ಲಿಯೂ ನುಡಿಸುವವನು ದೂರು ತಂದಾಗಲೇ ವಾದ್ಯ ಬೆಳೆದದ್ದು.

ಅದಕ್ಕೇ ನಿನಗೆ ಒತ್ತಿ ಹೇಳ್ತೀನಿ. ವಾದ್ಯ ತಂದ ಮೇಲೆ ಒಂದು ಮದುವೆ ಸುಗ್ಗಿ ಪೂರ್ತಿ ಊದು. ಚಿಕ್ಕತಿರುಪತಿಯ ಉತ್ಸವಕ್ಕೂ ಹಿಡಿ, ಕುರುಡುಮಲೆಯ ಗಣಪನ ಮುಂದೆಯೂ ಹಿಡಿ. ಎಲ್ಲಿ ಉಸಿರು ಕಟ್ಟಿತು, ಯಾವ ಸ್ವರ ಏರಿತು ಅನ್ನೋದನ್ನ ಚೀಟಿಯಲ್ಲಿ ಬರೆದಿಟ್ಟುಕೋ. ಆಮೇಲೆ ಅದೇ ಆಚಾರ್ರ ಹತ್ತಿರ ವಾಪಸ್ ಹೋಗಿ ಅವರ ಮುಂದೆಯೇ ಕೂತು ಊದಿ ತೋರಿಸು. ಅವರಿಗೆ ಹೇಳದೆ ಊರೆಲ್ಲ ಸಾರಿಕೊಂಡು ಬರೋದು ಕಸುಬಿಗೇ ಮಾಡೋ ದ್ರೋಹ. ಹೇಳಿದಾಗ ಸಿಡುಕಿ, ನಿನಗೆ ಊದೋಕೆ ಬರೋದಿಲ್ಲ ಅನ್ನೋ ಆಚಾರ್ರನ್ನ ಬಿಟ್ಟುಬಿಡು. ಮೇಣ ತೆಗೆದು, ಕಿವಿಗೊಟ್ಟು, ಇನ್ನೊಂದು ಸಲ ಊದಪ್ಪಾ ಅನ್ನೋರು ಸಿಕ್ಕರೆ ಅವರ ಹತ್ತಿರ ದರಕ್ಕೆ ಕಚ್ಚಾಡಬೇಡ. ಹೇಳಿದಷ್ಟು ಕೊಡು, ನಿನ್ನ ಶಿಷ್ಯರನ್ನೂ ಅವರ ಹತ್ತಿರಕ್ಕೇ ಕಳಿಸು.