ಮೆರವಣಿಗೆಯ ದಾರಿ ಮತ್ತು ನಗರದ ನಕ್ಷೆ
(ನಗರ ಯೋಜಕನ ಕಾಯಕವನ್ನು ಕುರಿತು ಒಂದು ಅಭ್ಯಾಸ ಲೇಖನ)

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪುರವರ್ಣನೆಯ ಪರಿಚಯ ಮೊದಲ ವರ್ಷದಲ್ಲಿಯೇ ಆಗುತ್ತದೆ. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ನಗರದ ವರ್ಣನೆಯೂ ಒಂದು. ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿ, ಉದ್ಯಾನ, ಕೆರೆ ಇವುಗಳನ್ನು ಕವಿ ಒಂದೊಂದಾಗಿ ಕಾಣಿಸುತ್ತಾನೆ. ಆದರೆ ಆ ನಗರದ ಕೆರೆಗೆ ನೀರು ಎಲ್ಲಿಂದ ಬಂತು, ಅಂಗಡಿಬೀದಿಯ ಅಗಲವನ್ನು ಯಾರು ಗೊತ್ತುಪಡಿಸಿದರು, ಮುಂದಿನ ತಲೆಮಾರು ಎಲ್ಲಿ ಮನೆ ಕಟ್ಟಬೇಕು ಎಂಬ ಪ್ರಶ್ನೆಗಳು ಕಾವ್ಯದಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಈ ಪ್ರಶ್ನೆಗಳಿಂದಲೇ ಆರಂಭವಾಗುವ ವೃತ್ತಿ ನಗರ ಯೋಜಕನದು. ಕವಿ ಇರುವ ನಗರವನ್ನು ವರ್ಣಿಸಿದರೆ ಯೋಜಕನು ಇನ್ನೂ ಇಲ್ಲದ ನಗರವನ್ನು ಬರೆಯುತ್ತಾನೆ. ಇಬ್ಬರಿಗೂ ಕಲ್ಪನೆ ಬೇಕು. ಆದರೆ ಯೋಜಕನ ಕಲ್ಪನೆ ತಪ್ಪಿದರೆ ಅದರ ಫಲವನ್ನು ಜನ ಅನುಭವಿಸಬೇಕಾಗುತ್ತದೆ.

ಈ ಲೇಖನದಲ್ಲಿ ಯೋಜಕನ ಕೆಲಸದ ಎರಡು ಮುಖಗಳನ್ನು ಒಟ್ಟಿಗೆ ನೋಡೋಣ. ಒಂದು, ಹತ್ತಿಪ್ಪತ್ತು ವರ್ಷ ಮುಂದಕ್ಕೆ ನೋಡುವ ದೂರಗಾಮಿ ಯೋಜನೆ. ಇನ್ನೊಂದು, ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಸಾರ್ವಜನಿಕ ಕಲೆ. ಇವೆರಡೂ ಬೇರೆ ಬೇರೆ ಇಲಾಖೆಗಳ ವಿಷಯಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಮ್ಮ ಸಂವಿಧಾನವೇ ಇವನ್ನು ಒಂದೆಡೆ ಇಟ್ಟಿದೆ. 1992ರ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅವುಗಳಲ್ಲಿ ಮೊದಲನೆಯದು ನಗರ ಯೋಜನೆ. ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯ ಸಂಬಂಧವಾದ ಅಂಶಗಳ ಪ್ರೋತ್ಸಾಹ.

1. ದೂರಗಾಮಿ ಯೋಜನೆಯ ಬಗೆ

ನಮ್ಮ ಸೊಲ್ಲಾಪುರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2001ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 8.7 ಲಕ್ಷ, 2011ರಲ್ಲಿ ಸುಮಾರು 9.5 ಲಕ್ಷ. ಅಂದರೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಶೇಕಡಾ 9ರ ಬೆಳವಣಿಗೆ. ಇದೇ ಗತಿ ಮುಂದುವರಿದರೆ 2031ಕ್ಕೆ ಸುಮಾರು 11.3 ಲಕ್ಷವಾಗುತ್ತದೆ. ಯೋಜಕನು ಇಂತಹ ಲೆಕ್ಕದಿಂದ ತೊಡಗುತ್ತಾನೆ. ಹೆಚ್ಚುವ ಜನರಿಗೆ ಎಷ್ಟು ನೀರು, ಎಷ್ಟು ಶಾಲೆ, ಎಷ್ಟು ರಸ್ತೆ, ಎಷ್ಟು ಬಯಲು ಬೇಕೆಂದು ಅಂದಾಜು ಮಾಡುತ್ತಾನೆ. ಆಮೇಲೆ ಸದ್ಯದ ಭೂಬಳಕೆಯ ನಕ್ಷೆಯನ್ನು ಸಿದ್ಧಪಡಿಸುತ್ತಾನೆ. ಅದರ ಮೇಲೆ ಮುಂದಿನ ಭೂಬಳಕೆಯನ್ನು ಬಣ್ಣಗಳಲ್ಲಿ ಗುರುತಿಸುತ್ತಾನೆ: ವಸತಿಗೆ ಒಂದು ಬಣ್ಣ, ವ್ಯಾಪಾರಕ್ಕೆ ಇನ್ನೊಂದು, ಕೈಗಾರಿಕೆಗೆ ಮತ್ತೊಂದು, ಉದ್ಯಾನಕ್ಕೆ ಹಸಿರು. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಬೇಕಾದ ನಿವೇಶನಗಳನ್ನು ಮೀಸಲಿಡುತ್ತಾನೆ.

ಭಾರತದಲ್ಲಿ ಇಂತಹ ಕೆಲಸಕ್ಕೆ ಕಾನೂನಿನ ಚೌಕಟ್ಟು ಮೊದಲು ದೊರೆತದ್ದು 1915ರ ಮುಂಬಯಿ ನಗರ ಯೋಜನಾ ಕಾಯ್ದೆಯಿಂದ. ಈಗ ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ ಜಾರಿಯಲ್ಲಿದೆ. ಅದರ ಪ್ರಕಾರ ನಗರದ ಅಭಿವೃದ್ಧಿ ಯೋಜನೆಯನ್ನು 20 ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ಕರಡನ್ನು ಪ್ರಕಟಿಸಿ, ಗೊತ್ತುಪಡಿಸಿದ ಅವಧಿಯೊಳಗೆ ನಾಗರಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಸ್ವೀಕರಿಸಿ, ವಿಚಾರಣೆ ನಡೆಸಿ, ಅನಂತರವೇ ಅದನ್ನು ಮಂಜೂರಾತಿಗೆ ಕಳುಹಿಸಬೇಕು. ಈ ಅವಧಿ ಕೆಲವೇ ವಾರಗಳದು. ಅದರ ಪರಿಣಾಮ ಮಾತ್ರ ಎರಡು ದಶಕಗಳದು.

2. ಚಂಡೀಗಢದ ಪಾಠ

ಯೋಜನೆಯ ಶಕ್ತಿ ಮತ್ತು ಮಿತಿ ಎರಡನ್ನೂ ಒಂದೇ ಕಡೆ ಕಾಣಲು ಚಂಡೀಗಢ ಯೋಗ್ಯವಾದ ಉದಾಹರಣೆ. ದೇಶ ವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಮೊದಲು ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಟ್ಸ್ಕಿ ಯೋಜನೆ ರೂಪಿಸಿದರು. 1950ರಲ್ಲಿ ನೊವಿಟ್ಸ್ಕಿ ವಿಮಾನಾಪಘಾತದಲ್ಲಿ ತೀರಿಕೊಂಡ ಮೇಲೆ ಲ ಕಾರ್ಬೂಸಿಯೆ ಆ ಹೊಣೆ ಹೊತ್ತರು. ಪಿಯರ್ ಜೆನ್ನರೆ, ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಅವರ ಸಹೋದ್ಯೋಗಿಗಳು. 1200 ಮೀಟರ್ ಉದ್ದ, 800 ಮೀಟರ್ ಅಗಲದ ‘ಸೆಕ್ಟರು’ಗಳಾಗಿ ನಗರವನ್ನು ವಿಂಗಡಿಸಿ, ರಸ್ತೆಗಳನ್ನು ಅವುಗಳ ಉಪಯೋಗಕ್ಕೆ ತಕ್ಕಂತೆ ಏಳು ದರ್ಜೆಗಳಾಗಿ ಮಾಡಿದರು. ನಗರವನ್ನು ಕಲ್ಪಿಸಿದ್ದು 5 ಲಕ್ಷ ಜನರಿಗೆ. 2011ರ ಗಣತಿಯಲ್ಲಿ ಚಂಡೀಗಢ ಕೇಂದ್ರಾಡಳಿತ ಪ್ರದೇಶದ ಜನಸಂಖ್ಯೆ 10.5 ಲಕ್ಷವನ್ನು ದಾಟಿತ್ತು. ಯೋಜಕನ ಅಂಕಿಗಳು ಭವಿಷ್ಯವಾಣಿಯಲ್ಲ, ಅಂದಾಜು ಮಾತ್ರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಕಲೆಯ ವಿಷಯದಲ್ಲಿಯೂ ಚಂಡೀಗಢಕ್ಕೆ ಒಂದು ನೀತಿಯಿತ್ತು. ನಗರದಲ್ಲಾಗಲಿ ಉದ್ಯಾನಗಳಲ್ಲಾಗಲಿ ವ್ಯಕ್ತಿಗಳ ಪ್ರತಿಮೆಗಳನ್ನು ನಿಲ್ಲಿಸಕೂಡದೆಂದು ಕಾರ್ಬೂಸಿಯೆ ವಿಧಿಸಿದ್ದರು. ಅವುಗಳ ಬದಲು ಒಂದು ಆಶಯದ ಸಂಕೇತವಾಗಿ ‘ತೆರೆದ ಹಸ್ತ’ವನ್ನು ಕಲ್ಪಿಸಿದರು: ಕೊಡಲು ತೆರೆದ ಕೈ, ಪಡೆಯಲೂ ತೆರೆದ ಕೈ. ಗಾಳಿ ಬೀಸಿದತ್ತ ತಿರುಗುವ ಆ ಲೋಹದ ಹಸ್ತ 1985ರಲ್ಲಿ, ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ ನಿಂತಿತು.

ಅದೇ ನಗರದಲ್ಲಿ ಯಾವ ನೀತಿಗೂ ನಿಲುಕದ ಇನ್ನೊಂದು ಕಲಾಕೃತಿ ಗುಟ್ಟಾಗಿ ಬೆಳೆಯುತ್ತಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್ ಅವರು 1950ರ ದಶಕದ ಕೊನೆಯಿಂದ, ಕಟ್ಟಡ ನಿರ್ಮಾಣಕ್ಕೆ ನಿಷೇಧವಿದ್ದ ಕಾಡುಭೂಮಿಯಲ್ಲಿ, ಸುಖ್ನಾ ಸರೋವರದ ಬಳಿ ಕಲ್ಲು, ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ರಾಶಿ ಹಾಕುತ್ತ ಬಂದರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷವೂ ಅದರಲ್ಲಿತ್ತು. ದಿನದ ಕೆಲಸ ಮುಗಿಸಿ ಬಂದು ಅವನ್ನೆಲ್ಲ ಮನುಷ್ಯರ, ಪ್ರಾಣಿಗಳ ಪ್ರತಿಮೆಗಳಾಗಿ ಜೋಡಿಸಿದರು. 1970ರ ದಶಕದಲ್ಲಿ ಇದು ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ನಿಯಮದಂತೆ ಕೆಡವಬೇಕಾಗಿತ್ತು. ಕೆಡವಲಿಲ್ಲ, 1976ರಲ್ಲಿ ಸಾರ್ವಜನಿಕರಿಗೆ ತೆರೆದರು. ಅದೇ ಇಂದಿನ ರಾಕ್ ಗಾರ್ಡನ್. 1984ರಲ್ಲಿ ನೇಕ್ ಚಂದ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ಯೋಜಕನು ಕಲೆಗೆ ಜಾಗ ಕೊಡಬಲ್ಲ. ಆದರೆ ಎಲ್ಲ ಕಲೆಯೂ ಅವನು ಕೊಟ್ಟ ಜಾಗದಲ್ಲಿಯೇ ಹುಟ್ಟುವುದಿಲ್ಲ. ಹುಟ್ಟಿದ್ದನ್ನು ಗುರುತಿಸಿ, ನಕ್ಷೆಯನ್ನೇ ತಿದ್ದಿಕೊಳ್ಳುವ ವಿವೇಕವೂ ಯೋಜನೆಯ ಭಾಗವೆಂಬುದು ಚಂಡೀಗಢದ ಪಾಠ.

3. ಇಂದೋರಿನ ಮೆರವಣಿಗೆ

ಚಂಡೀಗಢಕ್ಕಿಂತ ಮೂರು ದಶಕ ಹಿಂದಿನ ಇನ್ನೊಂದು ಪ್ರಸಂಗವಿದೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ (1854–1932) ಮೂಲತಃ ಜೀವಶಾಸ್ತ್ರಜ್ಞರು. 1914ರಲ್ಲಿ ಭಾರತಕ್ಕೆ ಬಂದು ಹಲವು ನಗರಗಳನ್ನು ಕುರಿತು ವರದಿ ಬರೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಪ್ರಾಧ್ಯಾಪಕರಾದರು. ಹಳೆಯ ಬೀದಿಗಳನ್ನು ಕೆಡವಿ ನೇರ ರಸ್ತೆ ಎಳೆಯುವುದನ್ನು ಅವರು ಒಪ್ಪಲಿಲ್ಲ. ಓಣಿ ಓಣಿಯನ್ನೂ ನಡೆದು ನೋಡಿ, ತೀರ ಅಗತ್ಯವಾದಲ್ಲಿ ಮಾತ್ರ ಕತ್ತರಿ ಹಾಕಬೇಕು. ಉಳಿದುದನ್ನು ದುರಸ್ತಿ ಮಾಡಬೇಕು. ಹೀಗೆ ಮಾಡುವುದನ್ನು ಅವರು ‘ಉಳಿಸುವ ಶಸ್ತ್ರಚಿಕಿತ್ಸೆ’ ಎಂಬ ಅರ್ಥದ ಮಾತಿನಿಂದ ಕರೆದರು.

ಅವರು ಇಂದೋರಿಗೆ ಬಂದಾಗ ಪ್ಲೇಗಿನ ಭೀತಿ ಅಲ್ಲಿತ್ತು. ನಕ್ಷೆ ಹಿಡಿದು ಓಡಾಡುವ ಈ ಬಿಳಿಯನನ್ನು ಕಂಡ ಜನ, ಮನೆ ಕೆಡವಿಸಲು ಬಂದವನೆಂದು ಹೆದರಿದರು. ಗೆಡ್ಡೆಸ್ ಅವರು ಮಹಾರಾಜರ ಅನುಮತಿ ಪಡೆದು ದೀಪಾವಳಿಗೆ ಒಂದು ಮೆರವಣಿಗೆಯನ್ನು ಸಂಕಲ್ಪಿಸಿದರು. ಅದು ಸಾಗುವುದು ರೂಢಿಯ ದಾರಿಯಲ್ಲಲ್ಲ; ಯಾವ ಬೀದಿಯ ಜನ ತಮ್ಮ ಮನೆಗಳನ್ನು ಹೆಚ್ಚು ಚೊಕ್ಕಟಗೊಳಿಸಿ ದುರಸ್ತಿ ಮಾಡಿಕೊಂಡಿರುತ್ತಾರೋ ಆ ಬೀದಿಯಲ್ಲಿ ಎಂದು ಸಾರಿಸಿದರು. ಓಣಿ ಓಣಿಗೆ ಪೈಪೋಟಿ ಹತ್ತಿತು. ಕಸದ ಗಾಡಿಗಳು ಊರ ಹೊರಗೆ ಸಾಲುಗಟ್ಟಿದವು. ಮೆರವಣಿಗೆಯಲ್ಲಿ ರೋಗದ ರಾಕ್ಷಸರು, ಪ್ಲೇಗಿನ ದೊಡ್ಡ ಇಲಿಯ ಪ್ರತಿಕೃತಿ ಬಂದವು. ಹೊಸ ಬಟ್ಟೆ ತೊಟ್ಟು ಹೂಮಾಲೆ ಧರಿಸಿದ ಪೌರಕಾರ್ಮಿಕರು ಗೌರವದಿಂದ ನಡೆದರು. ಕೊನೆಯಲ್ಲಿ ಆ ಇಲಿಯನ್ನು ಸುಟ್ಟರು. ಇಂದೋರ್ ಕುರಿತ ಅವರ ಎರಡು ಸಂಪುಟಗಳ ವರದಿ 1918ರಲ್ಲಿ ಪ್ರಕಟವಾಯಿತು.

ಇಲ್ಲಿ ಕಲೆ ಯೋಜನೆಯ ಅಲಂಕಾರವಾಗಿ ಬರಲಿಲ್ಲ, ಸಾಧನವಾಗಿ ಬಂತು. ಆಜ್ಞೆಯಿಂದ ಆಗದ ಕೆಲಸ ಹಬ್ಬದಿಂದ ಆಯಿತು. ನಗರದ ಜನರಿಗೆ ತಮ್ಮ ಬೀದಿ ತಮ್ಮದೆಂಬ ಭಾವ ಬಂದುದೇ ಅದಕ್ಕೆ ಕಾರಣ.

4. ಸೊನ್ನಲಿಗೆಯ ನಕ್ಷೆ

ಈಗ ನಮ್ಮ ಊರಿಗೆ ಮರಳೋಣ. ಹನ್ನೆರಡನೆಯ ಶತಮಾನದ ಸಿದ್ಧರಾಮನನ್ನು ನಾವು ವಚನಕಾರನಾಗಿ, ರಾಘವಾಂಕನ ಕಾವ್ಯದ ನಾಯಕನಾಗಿ ಓದುತ್ತೇವೆ. ಆತ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂಬುದು ಪರಂಪರೆಯ ನಂಬಿಕೆ. ಭಕ್ತಿಯ ದೃಷ್ಟಿಯಿಂದ ಇದು ಕ್ಷೇತ್ರನಿರ್ಮಾಣ. ಯೋಜಕನ ದೃಷ್ಟಿಯಿಂದ ನೋಡಿದರೆ ನಡುವೆ ನೀರು, ಸುತ್ತ ಗುರುತುಗಳು, ಗುರುತುಗಳನ್ನು ಹೊಲಿಯುವ ದಾರಿ ಇರುವ ಒಂದು ನಗರವಿನ್ಯಾಸ.

ಆ ದಾರಿಯನ್ನು ಕಾಗದದ ಮೇಲೆ ಹುಡುಕಬೇಕಾಗಿಲ್ಲ. ಪ್ರತಿ ವರ್ಷ ಮಕರ ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು ಅದನ್ನು ನಡೆದು ತೋರಿಸುತ್ತವೆ. 68 ಲಿಂಗಗಳಿಗೆ ನಡೆಯುವ ತೈಲಾಭಿಷೇಕವನ್ನು ಮರಾಠಿ ಪತ್ರಿಕೆಗಳು ಇಂದಿಗೂ ‘ಯಣ್ಣೀಮಜ್ಜನ’ ಎಂದು ಬರೆಯುತ್ತವೆ. ಅದು ನಮ್ಮ ‘ಎಣ್ಣೆಮಜ್ಜನ’. ಶಾಸನ ಕಲ್ಲಿನಲ್ಲಿದ್ದರೆ ಅದನ್ನು ಒಂದೆಡೆ ಸಂಗ್ರಹಿಸಿಡಬಹುದು. ಈ ಪದವಿರುವುದು ಒಂದು ದಾರಿಯಲ್ಲಿ, ಆ ದಾರಿಯಲ್ಲಿ ನಡೆಯುವ ಜನರ ಬಾಯಲ್ಲಿ. ಮರಾಠಿ, ಕನ್ನಡ, ತೆಲುಗು, ಉರ್ದು ಬೆರೆತ ಈ ಊರಿನಲ್ಲಿ ಆ ದಾರಿ ಯಾವುದೋ ಒಂದು ಭಾಷೆಯ ಸ್ವತ್ತಲ್ಲ. ಆದರೆ ಅದು ಅಳಿದರೆ ನಮ್ಮ ಭಾಷೆಯ ಒಂದು ಎಳೆಯೂ ಅಳಿಯುತ್ತದೆ.

ಇಲ್ಲಿ ಯೋಜಕನ ಮುಂದೆ ನಿಲ್ಲುವ ಪ್ರಶ್ನೆಗಳು ಬಹಳ ಪ್ರಾಯೋಗಿಕವಾದವು. ಎತ್ತರದ ನಂದಿಧ್ವಜ ಬಾಗದೆ ಸಾಗಬೇಕಾದರೆ ತಲೆಯ ಮೇಲೆ ತಂತಿ, ಫಲಕ, ಕಮಾನುಗಳ ಅಡ್ಡಿ ಇರಬಾರದು. ಆದ್ದರಿಂದ ರಸ್ತೆಯ ಅಗಲದಷ್ಟೇ ಅದರ ಮೇಲಿನ ಆಕಾಶವೂ ನಕ್ಷೆಯಲ್ಲಿ ದಾಖಲಾಗಬೇಕು. ಹೋಮ ಮೈದಾನ ಯಾತ್ರೆಯ ದಿನಗಳ ಹೊರತು ಬಯಲಾಗಿ ಕಾಣಬಹುದು. ಬಯಲನ್ನು ‘ಖಾಲಿ ಜಾಗ’ ಎಂದು ಬರೆದರೆ ಅದು ಕಟ್ಟಡಕ್ಕೆ ಆಹ್ವಾನ, ‘ಸಮುದಾಯದ ಅಂಗಳ’ ಎಂದು ಬರೆದರೆ ಅದಕ್ಕೆ ರಕ್ಷಣೆ. ಒಂದು ಪದದ ಆಯ್ಕೆಯಲ್ಲಿ ಒಂದು ಮೈದಾನದ ಅಳಿವು ಉಳಿವು ಅಡಗಿದೆ.

ಸ್ಮಾರಕಗಳ ವಿಷಯವೂ ಹೀಗೆಯೇ. 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರ ಪ್ರತಿಮೆಗಳು ನಾಲ್ವರು ಹುತಾತ್ಮರ ಚೌಕದಲ್ಲಿ ನಿಂತಿವೆ. ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಈ ನಗರದ ಸ್ವರೂಪವೇ ತಿಳಿಯುತ್ತದೆ. ಸಾರ್ವಜನಿಕ ಕಲೆ ಊರಿಗೆ ಹೇಳುವುದು ಇಷ್ಟೇ: ನಾವು ಯಾರನ್ನು ನೆನೆಯುತ್ತೇವೆ, ಯಾರ ಜೊತೆ ಸೇರಿಸಿ ನೆನೆಯುತ್ತೇವೆ.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಸಿದ್ಧರಾಮನನ್ನು ಮಣ್ಣು ಅಗೆಯುವ ಒಡ್ಡನೆಂದು ಕೂಗುವ ಪ್ರಸಂಗ ನಿಮಗೆ ತಿಳಿದಿದೆ. ಕೆರೆ ಕಟ್ಟುವುದೇ ಗುರಿಯೇ, ಅಥವಾ ಅದರಾಚೆಗೆ ಇನ್ನೇನಾದರೂ ಇದೆಯೇ ಎಂಬುದು ಅಲ್ಲಮನ ಪ್ರಶ್ನೆಯ ಹುರುಳು. ಪ್ರತಿಯೊಬ್ಬ ಯೋಜಕನೂ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ರಸ್ತೆ ಅಗಲವಾಯಿತು, ಸರಿ. ಆ ರಸ್ತೆಯಲ್ಲಿ ನಡೆಯುವವರಿಗೆ ಊರು ತಮ್ಮದಾಗಿ ಉಳಿಯಿತೇ?

5. ಭಾಷಾ ವಿದ್ಯಾರ್ಥಿಯ ಹೊಣೆ

‘ಇದು ಎಂಜಿನಿಯರುಗಳ ಕೆಲಸ, ನಮಗೇನು?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಕ್ಷೆ ಎಳೆಯುವುದು ತಜ್ಞರ ಕೆಲಸ ನಿಜ. ಆದರೆ ನಕ್ಷೆಯಲ್ಲಿ ಏನು ಇರಬೇಕೆಂದು ತಜ್ಞರಿಗೆ ತಿಳಿಸುವವರು ಬೇಕು. ಯಾವ ಗುಡಿಯ ಪಕ್ಕದ ಕಲ್ಲು ಶಾಸನ, ಯಾವ ಕಟ್ಟೆಯ ಹೆಸರಿನ ಹಿಂದೆ ಯಾವ ಕಥೆ, ಯಾವ ಓಣಿಯ ಹೆಸರು ಯಾವ ಕನ್ನಡ ಪದದ ರೂಪಾಂತರ ಎಂಬುದನ್ನು ಅಳತೆಪಟ್ಟಿ ಹೇಳಲಾರದು; ನೀವು ಹೇಳಬಲ್ಲಿರಿ. ಕರಡು ಯೋಜನೆ ಪ್ರಕಟವಾದಾಗ ಒಂದು ಪುಟದ ಸ್ಪಷ್ಟವಾದ ಆಕ್ಷೇಪಣೆಯನ್ನು ಬರೆಯುವುದು ಗದ್ಯರಚನೆಯ ನಿಜವಾದ ಪರೀಕ್ಷೆ. ಸರ್ವೆ ನಂಬರು, ಸ್ಥಳದ ಹೆಸರು, ಅದರ ಮಹತ್ವಕ್ಕೆ ಆಧಾರ, ಬೇಕಾದ ಬದಲಾವಣೆ, ಈ ನಾಲ್ಕು ಅಂಶಗಳು ಅದರಲ್ಲಿದ್ದರೆ ಸಾಕು. ವಿಶೇಷಣಗಳ ಆಡಂಬರ ಬೇಡ. ಇಲ್ಲಿ ಮರಾಠಿಯಲ್ಲಿ ಬರೆದರೆ ವಿಚಾರಣೆ ಸುಲಭ. ಆದರೂ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ ಎಂಬುದನ್ನು ಗಡಿನಾಡಿನ ವಿದ್ಯಾರ್ಥಿಗಳು ತಿಳಿದಿರಬೇಕು.

ನಕ್ಷೆಯಲ್ಲಿ ದಾಖಲಾಗದುದು ಊರಿನಲ್ಲಿ ಬಹುಕಾಲ ಉಳಿಯುವುದು ಕಷ್ಟ. ದಾಖಲಿಸುವ ಕೆಲಸಕ್ಕೆ ಬೇಕಾದ ಸಾಮಗ್ರಿ ಒಂದು ವಹಿ, ಒಂದು ಲೇಖನಿ, ಹಿರಿಯರನ್ನು ಕೇಳುವ ತಾಳ್ಮೆ. ಮುಂದಿನ ಸಂಕ್ರಾಂತಿಗೆ ಮೊದಲು ಅದನ್ನು ಆರಂಭಿಸಬಹುದು.

ಅಭ್ಯಾಸ

1. ಕಾವ್ಯದ ಪುರವರ್ಣನೆಗೂ ನಗರದ ಅಭಿವೃದ್ಧಿ ಯೋಜನೆಗೂ ಇರುವ ಸಾಮ್ಯ, ವ್ಯತ್ಯಾಸಗಳನ್ನು ಚರ್ಚಿಸಿರಿ.
2. ವ್ಯಕ್ತಿಪ್ರತಿಮೆಗಳು ಬೇಡವೆಂಬ ಚಂಡೀಗಢದ ನೀತಿ ಸೊಲ್ಲಾಪುರಕ್ಕೆ ಒಪ್ಪುತ್ತದೆಯೇ? ಕಾರಣಸಹಿತ ವಿವರಿಸಿರಿ.
3. ಇಂದೋರಿನ ಮೆರವಣಿಗೆ ಮತ್ತು ಗಡ್ಡಾ ಯಾತ್ರೆ ಇವೆರಡರಲ್ಲಿ ದಾರಿಯನ್ನು ಗೊತ್ತುಪಡಿಸುವ ತತ್ತ್ವ ಹೇಗೆ ಭಿನ್ನವಾಗಿದೆ?
4. ನಿಮ್ಮ ಓಣಿಯಲ್ಲಿ ಉಳಿಯಬೇಕಾದ ಒಂದು ಸ್ಥಳವನ್ನು ಆರಿಸಿಕೊಂಡು, ಮೇಲೆ ಹೇಳಿದ ನಾಲ್ಕು ಅಂಶಗಳನ್ನು ಒಳಗೊಂಡ ಒಂದು ಪುಟದ ಮನವಿಯನ್ನು ಬರೆದು ವಿಭಾಗಕ್ಕೆ ಒಪ್ಪಿಸಿರಿ.