ಕಂಪ್ಯೂಟರಿನಲ್ಲಿ ಸವಾಲು



ಸವಾಲು ಅಂದ ಕೂಡಲೇ ನಮಗೆ ನೆನಪಾಗುವುದು ಜಾತ್ರೆಯ ತೆಂಗಿನಕಾಯಿ. "ಒಂದು ಸಾರಿ, ಎರಡು ಸಾರಿ, ಮೂರು ಸಾರಿ" ಅಂತ ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಕಾಯಿ. ಇದನ್ನೇ ಕಂಪ್ಯೂಟರಿನಲ್ಲಿ ನಡೆಸಿದರೆ ಅದಕ್ಕೆ ಆನ್‌ಲೈನ್ ಹರಾಜು ಎನ್ನುತ್ತಾರೆ.

1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬುವರು ಇಂಥದೊಂದು ತಾಣ ತೆರೆದರು. ಅದೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ! ಕೆಟ್ಟದ್ದನ್ನು ಯಾರು ಕೊಳ್ಳುತ್ತಾರೆ ಅಂತೀರಾ? ಕೊಂಡವನಿಗೆ ಅಂಥವನ್ನೇ ಕೂಡಿಡುವ ಹವ್ಯಾಸವಿತ್ತು. ಒಂದೂರ ಸಂತೆಯಲ್ಲಿ ಅಂಥ ಗಿರಾಕಿ ಸಿಗುವುದು ಕಷ್ಟ, ನೂರಾರು ಊರಿನವರು ನೋಡಿದರೆ ಒಬ್ಬನಾದರೂ ಸಿಕ್ಕಾನು. ಭಾರತದ ಇಬೇ ತಾಣ 2018ರಲ್ಲಿ ಮುಚ್ಚಿತು.

ಆದರೆ ಹರಾಜು ಮುಚ್ಚಲಿಲ್ಲ. ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಕೇಂದ್ರ ಸರ್ಕಾರದ ಇ-ನಾಮ್ ಆರಂಭವಾದದ್ದು 2016ರ ಏಪ್ರಿಲ್ 14ರಂದು.

ಬ್ಯಾಡಗಿ ಪೇಟೆಯನ್ನೇ ನೋಡೋಣ. ರೈತರು ತಂದ ಮೆಣಸಿನಕಾಯಿ ಚೀಲಗಳನ್ನು ದಲಾಲಿ ಅಂಗಡಿ ಮುಂದೆ ಇಳಿಸುತ್ತಾರೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಖರೀದಿದಾರರು ಬಂದು ಕಾಯಿ ಮುರಿದು ಬಣ್ಣ ನೋಡುತ್ತಾರೆ, ಮುಷ್ಟಿಯಲ್ಲಿ ಹಿಡಿದು ತೇವ ನೋಡುತ್ತಾರೆ. (ಈ ಕೆಲಸ ಇನ್ನೂ ಕಂಪ್ಯೂಟರಿಗೆ ಬಂದಿಲ್ಲ!) ಆಮೇಲೆ ಕ್ವಿಂಟಲಿಗೆ ಇಷ್ಟು ಅಂತ ದರ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವರ ಹೆಸರು ಬರುತ್ತದೆ.

ಇಲ್ಲಿ ಒಂದು ಲೆಕ್ಕ ಐತಿ, ಗಮನವಿಟ್ಟು ಓದ್ರಿ. ಮೂವರು ಖರೀದಿದಾರರು ಒಂದು ಲಾಟಿಗೆ ಹೆಚ್ಚೆಂದರೆ 18,000, 18,600, 19,100 ರೂಪಾಯಿ ಕೊಡಲು ಸಿದ್ಧ ಎನ್ನೋಣ (ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು). ಜಾತ್ರೆಯ ಹಾಗೆ, ಇಬೇ ಹಾಗೆ ದರ ಏರುತ್ತಾ ಹೋದರೆ ಎರಡನೆಯವನು 18,600ಕ್ಕೆ ನಿಲ್ಲುತ್ತಾನೆ. ಮೂರನೆಯವನು ಅದಕ್ಕಿಂತ ಒಂದು ಮೆಟ್ಟಿಲು ಏರಿದರೆ ಸಾಕು, 19,100 ಕೊಡಬೇಕಾಗಿಲ್ಲ. ಮುಚ್ಚಿದ ದರದಲ್ಲಿ ಬರೆದಷ್ಟನ್ನೂ ಕೊಡಬೇಕು. ಹಾಗಾದರೆ ಅದೇ ಮೇಲಲ್ಲವೇ? ಅಲ್ಲ! ಬರೆದಷ್ಟು ಕೊಡಬೇಕೆಂದು ಗೊತ್ತಿರುವುದರಿಂದ ಅವನು ಮೊದಲೇ ಇಳಿಸಿ ಬರೆಯುತ್ತಾನೆ. ಎಷ್ಟು ಇಳಿಸುತ್ತಾನೆ? ಎದುರಿಗೆ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ. ಹತ್ತು ಜನರಿದ್ದರೆ ಹೆದರಿ ಏರಿಸುತ್ತಾನೆ. ಇಬ್ಬರೇ ಇದ್ದು ಚಹಾದಂಗಡಿಯಲ್ಲಿ ಮಾತಾಡಿಕೊಂಡು ಬಂದರೆ ಕಂಪ್ಯೂಟರ್ ಏನು ಮಾಡೀತು?

ಮಾಲು ವಿಪರೀತ ಬಂದ ದಿನವೂ ದರ ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದಾಗ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟುಹೋದವು.

ದರ ಒಪ್ಪಿಗೆಯಾಗದಿದ್ದರೆ ರೈತ "ಒಲ್ಲೆ" ಎನ್ನಬಹುದು, ಆ ಹಕ್ಕು ಅವನಿಗಿದೆ. ಒಲ್ಲೆ ಅಂದ ಮೇಲೆ ಚೀಲ ಎಲ್ಲಿಡಬೇಕು? ಕೋಲ್ಡ್ ಸ್ಟೋರೇಜಿಗೆ ಬಾಡಿಗೆ, ವಾಪಸ್ ತರಲು ಗಾಡಿ ಬಾಡಿಗೆ, ಮನೆಯಲ್ಲಿ ಸಾಲದ ಬಡ್ಡಿ. ಅದಕ್ಕೇ ಎಷ್ಟೋ ಮಂದಿ "ಹೋಗ್ಲಿ ಬಿಡ್ರಿ, ತೂಕ ಮಾಡ್ರಿ" ಅಂತಾರ.

ಈಗ ನಿಮಗೊಂದು ಲೆಕ್ಕ: ಮೇಲಿನ ಮೂವರ ಜೊತೆಗೆ 18,900 ಕೊಡಬಲ್ಲ ನಾಲ್ಕನೆಯವನು ಬಂದರೆ, ಕೂಗುವ ಸವಾಲಿನಲ್ಲಿ 10 ಕ್ವಿಂಟಲ್ ತಂದ ರೈತನಿಗೆ ಸುಮಾರು ಎಷ್ಟು ರೂಪಾಯಿ ಹೆಚ್ಚು ಸಿಗುತ್ತದೆ? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ.