ಸಹಿಯಿಲ್ಲದ ಬಟವಾಡೆ

ಕ್ಯಾಲಿಫೋರ್ನಿಯದ ಸನ್ನಿವೇಲಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, ಅಂಗಡಿಯಲ್ಲಿ 980 ಡಾಲರಿಗೆ ದೊರೆಯುವ ದೂರದರ್ಶಕವೊಂದನ್ನು ಆನ್‌ಲೈನ್ ಹರಾಜಿನಲ್ಲಿ 712 ಡಾಲರಿಗೆ ಕೂಗಿ ಗೆದ್ದು, ಸಾಗಣೆಯ 26 ಡಾಲರನ್ನೂ ಸೇರಿಸಿ ಒಟ್ಟು 738 ಡಾಲರನ್ನು ತನ್ನ ಬ್ಯಾಂಕ್ ಖಾತೆಯಿಂದ ನೇರವಾಗಿ ಪಾವತಿ ಮಾಡಿದನು. ಕ್ರೆಡಿಟ್ ಕಾರ್ಡು ಅವನ ಬಳಿ ಇರಲಿಲ್ಲವೆಂದಲ್ಲ. ಸಾಲವೆಂದರೆ ಹೆದರುವ, ಕೈಯಲ್ಲಿ ಕಾಸಿದ್ದರೆ ಮಾತ್ರ ಸಾಮಾನು ತರತಕ್ಕದ್ದೆಂಬ ನಿಯಮದ ಮನೆಯಲ್ಲಿ ಬೆಳೆದವನಾದುದರಿಂದ, ಖಾತೆಯಲ್ಲಿ ಹಣವಿರುವಾಗ ಕಾರ್ಡನ್ನು ಮುಟ್ಟುವುದೇಕೆಂದು ಅವನು ಭಾವಿಸಿದನು. ಪಾವತಿಯ ಪುಟವೂ ಬ್ಯಾಂಕ್ ಖಾತೆಯನ್ನೇ ಮೊದಲು ಮುಂದಿಡುತ್ತಿತ್ತು. ಖರೀದಿದಾರರಿಗೆ ಪೂರ್ಣ ರಕ್ಷಣೆಯುಂಟೆಂಬ ಘೋಷಣೆಯಂತೂ ಪುಟಪುಟದಲ್ಲಿಯೂ ಇತ್ತು. ನಾವು ಸದ್ಗುಣವೆಂದು ಮಕ್ಕಳಿಗೆ ಕಲಿಸಿದ ನಡತೆಯೇ ಮುಂದೆ ಅವನಿಗಾದ ನಷ್ಟಕ್ಕೆ ದಾರಿಯಾಯಿತೆಂಬುದು ನನಗೆ ಬಹಳ ನೋವನ್ನುಂಟುಮಾಡಿದೆ.

ದೂರದರ್ಶಕವು ಬರಲಿಲ್ಲ. ಮಾರಾಟಗಾರನು ಕೊಟ್ಟ ಟ್ರ್ಯಾಕಿಂಗ್ ನಂಬರು ಮಾತ್ರ ಸಾಮಾನು ಸನ್ನಿವೇಲಿನಲ್ಲಿ ಬಟವಾಡೆಯಾಗಿದೆಯೆಂದು ತೋರಿಸುತ್ತಿತ್ತು. ಅವನು ಮಾಡಿದ್ದಿಷ್ಟೆ: ಅದೇ ಊರಿನ, ಅದೇ ಜಿಪ್ ಕೋಡಿನ, ಸಂಬಂಧವೇ ಇಲ್ಲದ ಬೇರೊಂದು ಮನೆಗೆ ಹಗುರವಾದ ಲಕೋಟೆಯೊಂದನ್ನು ಕಳುಹಿದ್ದನು. ಅಂಚೆಯ ಸಾರ್ವಜನಿಕ ದಾಖಲೆಯಲ್ಲಿ ಊರೂ ಕೋಡೂ ಕಾಣುತ್ತವೆಯೇ ಹೊರತು ಬೀದಿಯೂ ಮನೆಯ ಸಂಖ್ಯೆಯೂ ಕಾಣುವುದಿಲ್ಲ. ಇಂಥ ಹರಾಜನ್ನು ನಡೆಸುವ ಅಮೆರಿಕದ ದೊಡ್ಡ ಸಂಸ್ಥೆಗಳ ನಿಬಂಧನೆಯಂತೆ, 750 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಮಾತ್ರ ಪಡೆದವರ ಸಹಿ ಬೇಕು. ಅದಕ್ಕಿಂತ ಕೆಳಗೆ, ತಲಪಿತೆಂಬ ದಾಖಲೆಯೊಂದೇ ಸಾಕು. 738ಕ್ಕೂ 750ಕ್ಕೂ ನಡುವಣ ಆ ಹನ್ನೆರಡು ಡಾಲರುಗಳ ಅಂತರದಲ್ಲಿ ನನ್ನ ಸೋದರಳಿಯನ ರಕ್ಷಣೆಯೆಲ್ಲವೂ ಮುಳುಗಿಹೋಯಿತು. ಆಗ ಅವನ ಮನೆಯಲ್ಲಿಯೇ ಇದ್ದ ನಾನು ದೂರುಗಳನ್ನು ಬರೆಯಲು ಕುಳಿತಾಗ ಅವನು ಕೇಳಿದ ಪ್ರಶ್ನೆ ಇದು: “ಮಾವ, ಬಂದ ಸಾಮಾನನ್ನಾದರೆ ತೋರಿಸಬಹುದು, ಬಾರದೆ ಇದ್ದುದನ್ನು ಯಾರಿಗೆ ಹೇಗೆ ತೋರಿಸಲಿ?” ಅಂಚೆಕಚೇರಿಯವರು, ಆ ಲಕೋಟೆಯು ಹೋದುದು ಇವನ ವಿಳಾಸಕ್ಕಲ್ಲವೆಂದು ಬಾಯಲ್ಲಿ ಒಪ್ಪಿದರು; ಆದರೆ ಅದನ್ನೇ ಬರವಣಿಗೆಯಲ್ಲಿ ಪಡೆಯುವ ವೇಳೆಗೆ ಹರಾಜು ಸಂಸ್ಥೆಗೆ ಮೇಲ್ಮನವಿ ಸಲ್ಲಿಸುವ ಅವಧಿ ಮುಗಿದು, ಪ್ರಕರಣವು ಮಾರಾಟಗಾರನ ಪರವಾಗಿ ತೀರ್ಮಾನವಾಗಿತ್ತು.

ಖರೀದಿದಾರರ ರಕ್ಷಣೆಯ ಈ ವ್ಯವಸ್ಥೆಯು ಮೊದಲಿಗಿಂತ ಉತ್ತಮವಾಗಿದೆಯೆಂಬುದನ್ನು ಅಲ್ಲಗಳೆಯಲಾಗದು. 1995ರಲ್ಲಿ ಆರಂಭವಾದ ಈಬೇ ಹರಾಜಿನಲ್ಲಿ, ಬಹಳ ಕಾಲ ಸಾಮಾನ್ಯ ರಕ್ಷಣೆಯ ಮಿತಿಯು 200 ಡಾಲರು, ಅದರಲ್ಲಿಯೂ 25 ಡಾಲರು ಕಳೆದು ಉಳಿದದ್ದಾಗಿತ್ತು. ಇಂದು ಪೂರ್ಣ ಕ್ರಯವೂ ಸಾಗಣೆಯ ವೆಚ್ಚವೂ ಅದರೊಳಗೆ ಬರುತ್ತವೆ. ಆದರೆ ಮೊತ್ತವು ಹೆಚ್ಚಿತೆಂದ ಮಾತ್ರಕ್ಕೆ ಅದರ ಸ್ವರೂಪವು ಬದಲಾಗಲಿಲ್ಲ.

ಇಂಥ ಖರೀದಿಯ ಲಾಭನಷ್ಟದ ಲೆಕ್ಕವನ್ನು ನಿಧಾನವಾಗಿ ನೋಡೋಣ. ಅಂಗಡಿಯ 980ರಲ್ಲಿ 738ನ್ನು ಕಳೆದರೆ ಉಳಿತಾಯ 242 ಡಾಲರು. ಮೋಸವಾದರೆ ಹೋಗುವುದು 738. ಇಂಥದೇ ವ್ಯವಹಾರವು ಮೂರು ಸಲ ಸುಸೂತ್ರವಾಗಿ ನೆರವೇರಿದರೂ ಕೂಡಿಬರುವ ಉಳಿತಾಯ 726. ಒಂದು ಮೋಸದ ಗುಂಡಿಯನ್ನು ತುಂಬಲು ಅದಕ್ಕೂ ಹನ್ನೆರಡು ಡಾಲರು ಕೊರತೆ. ಹತ್ತು ಖರೀದಿಗಳಲ್ಲಿ ಒಂಬತ್ತು ಫಲಿಸಿ ಒಂದು ಕೆಟ್ಟಿತೆನ್ನಿ: ಒಂಬತ್ತರಿಂದ ಬಂದುದು 2,178, ಹತ್ತನೆಯದರಲ್ಲಿ ಹೋದುದು 738, ಉಳಿದುದು 1,440, ತಲಾ 144. ಎಂದರೆ 242 ಉಳಿಯಿತೆಂದು ಹರ್ಷಿಸುವವನ ನಿಜವಾದ ಉಳಿತಾಯವು, ಹತ್ತರಲ್ಲಿ ಒಂದೇ ಒಂದು ಕೆಟ್ಟರೂ, ಐದರಲ್ಲಿ ಮೂರು ಪಾಲಿಗಿಂತಲೂ ಕಡಮೆಯಾಗುತ್ತದೆ. ನಾಲ್ಕರಲ್ಲಿ ಒಂದು ಕೆಟ್ಟರೆ ಉಳಿತಾಯವೇ ಇಲ್ಲ. ರಕ್ಷಣೆಯುಂಟೆಂದು ನಂಬಿದವನು ಈ ಗಣನೆಗೆ ಕೈಹಾಕುವುದೇ ಇಲ್ಲ. ಮೋಸದ ಕಡೆಯ ಅಂಕಿಯನ್ನು ಸೊನ್ನೆಯೆಂದು ಬರೆದುಕೊಂಡು, ಅಗ್ಗದ ಬೆಲೆಗೆ ಇನ್ನೂ ಒಂದು ಕೂಗನ್ನು ಸೇರಿಸುತ್ತಾನೆ.

ನನಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ದಾಖಲೆಯನ್ನು ಕೇಳುವವರೂ, ಅದನ್ನು ತೂಗುವವರೂ, ತೀರ್ಪನ್ನು ಕೊಡುವವರೂ, ಎರಡು ಕಡೆಯಿಂದಲೂ ವ್ಯಾಪಾರವನ್ನು ಬಯಸುವವರೂ ಒಬ್ಬರೇ ಆಗಿರುವಾಗ, ಅದನ್ನು ರಕ್ಷಣೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು; ಅದು ಸಂಸ್ಥೆಯು ತನ್ನ ಷರತ್ತುಗಳ ಮೇಲೆ ತೋರುವ ದಯೆ. ಹಕ್ಕು ಇರುವುದು ಬೇರೆಡೆಯಲ್ಲಿ. ಅಮೆರಿಕದ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟಿನ ಪ್ರಕಾರ, ಒಪ್ಪಂದದಂತೆ ತಲಪದ ಸರಕಿನ ಹಣವು ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಬಂದರೆ ಅದು ಬಿಲ್ಲಿನ ದೋಷವೆಂದೇ ಎಣಿಕೆಯಾಗುತ್ತದೆ. ಬ್ಯಾಂಕು ವಿಚಾರಣೆ ನಡೆಸಲೇಬೇಕು, ಅದು ಮುಗಿಯುವ ತನಕ ಆ ಮೊತ್ತವನ್ನು ವಸೂಲು ಮಾಡುವಂತಿಲ್ಲ. ಬ್ಯಾಂಕ್ ಖಾತೆಯಿಂದ ನೇರವಾಗಿ ಹೋದ ಹಣಕ್ಕೆ ಅನ್ವಯಿಸುವ 1978ರ ಕಾನೂನಾದರೋ, ಒಡೆಯನ ಅನುಮತಿಯಿಲ್ಲದೆ ನಡೆದ ವರ್ಗಾವಣೆಗೂ ಬ್ಯಾಂಕಿನ ತಪ್ಪಿಗೂ ಪರಿಹಾರವನ್ನು ಹೇಳುತ್ತದೆಯೇ ಹೊರತು, ತಾನೇ ಮನಸಾರೆ ಕಳುಹಿಸಿ ಮೋಸಹೋದವನನ್ನು ಕಾಯುವುದಿಲ್ಲ.

ಆದುದರಿಂದ ನಮ್ಮವರಲ್ಲಿ ಒಂದು ಅಭ್ಯಾಸವು ಬದಲಾಗಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ. ತಿಂಗಳ ಬಿಲ್ಲನ್ನು ಗಡುವಿನೊಳಗೆ ಪೂರ್ಣವಾಗಿ ತೀರಿಸುವವನಿಗೆ ಕಾರ್ಡು ಸಾಲವಲ್ಲ. ಸರಕು ಕೈಸೇರುವವರೆಗೆ ಹಣವನ್ನು ತನ್ನ ಕಡೆಯಲ್ಲಿಯೇ ಇರಿಸಿಕೊಳ್ಳುವ ಉಪಾಯ. ಮಾರಾಟಗಾರನಿಗೆ ದೊರೆತ ಮೆಚ್ಚುಗೆಯ ಶೇಕಡಾ ಅಂಕಿಯನ್ನು ನೋಡಿ ತೃಪ್ತರಾಗದೆ, ಅವನು ಹಿಂದೆ ಏನನ್ನು ಮಾರಿದ್ದನೆಂದು ಓದಬೇಕು. ವರ್ಷಗಟ್ಟಲೆ ಅಂಚೆಚೀಟಿಗಳನ್ನು ಮಾರಿದ ಖಾತೆಯು ಹಠಾತ್ತನೆ ದೂರದರ್ಶಕಗಳನ್ನು ಮಾರತೊಡಗಿದರೆ, ಅದು ಕದ್ದ ಖಾತೆಯಾಗಿರಬಹುದೆಂದು ಶಂಕಿಸಬೇಕು. ಮಿತಿಯ ಕೆಳಗಿನ ಮೊತ್ತಕ್ಕೂ ಸಹಿ ಪಡೆದೇ ಬಟವಾಡೆ ಮಾಡಿಸೆಂದು ಮುಂಚಿತವಾಗಿ ಬರೆದು ಒಪ್ಪಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಅಪರಿಚಿತ ಮಾರಾಟಗಾರನಿಗೆ ಯುಪಿಐ ಮೂಲಕ ಮುಂಗಡ ಕಳುಹುವವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಮೋಸವೆಂದು ತಿಳಿದ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡುವುದರಲ್ಲಿ ತಡವಾಗಕೂಡದು.

ಅಮೆರಿಕದಲ್ಲಿ ಕಾರ್ಡಿನಿಂದ ಕೊಟ್ಟು ಮೋಸಹೋದವರು, ಆ ವೆಚ್ಚವು ಕಾಣಿಸಿದ ಮೊದಲ ಬಿಲ್ಲನ್ನು ಬ್ಯಾಂಕು ಕಳುಹಿದ 60 ದಿನಗಳೊಳಗಾಗಿ ತಮ್ಮ ದೂರಿನ ಪತ್ರವು ಅದಕ್ಕೆ ಮುಟ್ಟುವಂತೆ ಬರೆಯಬೇಕು; ಹಣ ಕಟ್ಟುವ ವಿಳಾಸಕ್ಕಲ್ಲ, ಬಿಲ್ಲಿನ ವಿಚಾರಣೆಗೆಂದು ಅದರಲ್ಲಿ ಬೇರೆಯಾಗಿ ಅಚ್ಚಾಗಿರುವ ವಿಳಾಸಕ್ಕೆ.